ಸೊಂಟದಲ್ಲಿ ಪಿಸ್ತೂಲು, ಕಿಸೆಯಲ್ಲಿ ಲೈಸನ್ಸು: ಮುಂದೆ?

ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಯಾರ ಹತ್ತಿರ ಲೈಸನ್ಸ್ ಇರುವ ಪಿಸ್ತೂಲಿದೆ ಎಂದು ತಿಳಿಯಲು ಪೊಲೀಸರ ದಫ್ತರ ತೆಗೆಸಬೇಕಿಲ್ಲ. ಚಹಾದಂಗಡಿಯಲ್ಲಿ ಕೂತರೆ ಸಾಕು. ಇಂಥ ಸಾವಕಾರ್ರ ಕಡೆ ಒಂದು ರಿವಾಲ್ವರ್, ಅಂಥ ಗೌಡರ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಬಂದೂಕು, ಫಲಾನೆ ಗುತ್ತಿಗೆದಾರನಿಗೆ ಹೋದ ವರ್ಷವಷ್ಟೇ ಸಿಕ್ಕದ್ದು ಇನ್ನೊಂದು ಎಂದು ಬೆರಳು ಮಡಚಿ ಲೆಕ್ಕ ಕೊಡುತ್ತಾರೆ. ಮದುವೆ ಮಂಟಪದ ಮುಂದಿನ ಸಾಲಿನಲ್ಲಿ ಕೂರುವಾಗ ಅಂಗಿ ತುಸು ಮೇಲೆ ಸರಿದು ಕರಿ ಹಿಡಿ ಕಾಣಿಸಿದರೆ ಅದು ಅಕಸ್ಮಾತ್ ಅಲ್ಲವೆಂಬುದೂ ಊರಿಗೆ ಗೊತ್ತು. ನಮ್ಮಲ್ಲಿ ಪಿಸ್ತೂಲು ಎಂದರೆ ಅರ್ಧ ರಕ್ಷಣೆ, ಅರ್ಧ ಗತ್ತು.

ಕಾನೂನು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೆಯದನ್ನು ಓದಿದವರು ಕಡಿಮೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರ್ ಒಯ್ಯುವವರು ಅದಕ್ಕೆಂದೇ ಮಾಡಿದ ಹೋಲ್ಸ್ಟರಿನಲ್ಲೋ ಚೀಲದಲ್ಲೋ ಇಡಬೇಕು, ಅದು ಸಂಪೂರ್ಣ ಮುಚ್ಚಿರಬೇಕು, ಒಯ್ಯುವವನ ಹತೋಟಿ ತಪ್ಪಬಾರದು. ಎತ್ತಿ ತೋರಿಸುವುದು, ಝಳಪಿಸುವುದು, ಗಾಳಿಯಲ್ಲಿ ಹಾರಿಸುವುದು ನಿಷಿದ್ಧ. ಅಮೆರಿಕದಲ್ಲಿ ಪಿಸ್ತೂಲನ್ನು ಕಾಣದಂತೆ ಒಯ್ಯುವುದಕ್ಕೆ ದಶಕಗಳ ಕಾಲ ಪ್ರತ್ಯೇಕ ಪರವಾನಗಿ ಬೇಕಿತ್ತು, ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅದೂ ಬೇಕಿಲ್ಲ. ಇಲ್ಲಿ ಹಾಗಲ್ಲ. ಒಯ್ಯುವುದಾದರೆ ಮುಚ್ಚಿಕೊಂಡೇ ಒಯ್ಯಬೇಕು.

ಆದರೆ ಮುಚ್ಚಿಕೊಂಡು ಒಯ್ಯುವವನು ಎಷ್ಟರಮಟ್ಟಿಗೆ ತಯಾರಿರಬೇಕು ಎಂಬ ಪ್ರಶ್ನೆಯನ್ನು ಲೈಸನ್ಸ್ ಸಿಕ್ಕ ಮೇಲೆ ಯಾರೂ ಅವನಿಗೆ ಕೇಳುವುದಿಲ್ಲ. ಅವನೂ ಕೇಳಿಕೊಳ್ಳುವುದಿಲ್ಲ. ಅರ್ಜಿ, ಠಾಣೆಯ ವರದಿ, ಡಿ.ಸಿ. ಕಚೇರಿಯ ಅಲೆದಾಟ, ಯಾರದೋ ಒಂದು ಮಾತು, ಇಷ್ಟರಲ್ಲೇ ಎಲ್ಲ ತಯಾರಿಯೂ ಮುಗಿದಿರುತ್ತದೆ.

ಈ ಸೀಮೆಯ ಜನಕ್ಕೆ ಪಿಸ್ತೂಲು ಯಾಕೆ ಬೇಕಾಗುತ್ತದೆ ಎಂಬುದಕ್ಕೆ ಕಾರಣಗಳು ಇಲ್ಲದಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಸಂಕೇಶ್ವರದ ಮಗ್ಗುಲಲ್ಲೇ ಹಾದುಹೋಗುತ್ತದೆ. ಕಬ್ಬು, ತಂಬಾಕು, ಮೆಣಸಿನಕಾಯಿ, ಬೆಲ್ಲ ಎಂದರೆ ಇವತ್ತಿಗೂ ಬಹಳಷ್ಟು ರೊಕ್ಕದ ವ್ಯವಹಾರ. ಅಡತಿ ಅಂಗಡಿಯವರು, ಸರಾಫರು, ಪತ್ತಿನ ಸಂಘದವರು, ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಡಲು ಹೋಗುವ ಕಂತ್ರಾಟುದಾರರು ಚೀಲ ಹಿಡಿದು ರಾತ್ರಿ ತಿರುಗುವುದುಂಟು. ಪೂರ್ವಕ್ಕೆ ವಿಜಯಪುರ ಜಿಲ್ಲೆಯ ಭೀಮಾತೀರದಲ್ಲಿ ಕಂಟ್ರಿ ಪಿಸ್ತೂಲಿನ ಹಳೆಯ ಕಥೆ ಇನ್ನೂ ಮುಗಿದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಚಡಚಣದ ಬ್ಯಾಂಕಿಗೆ ಮುಸುಕು ಹಾಕಿಕೊಂಡು ನುಗ್ಗಿದವರು ಪಿಸ್ತೂಲು ತೋರಿಸಿಯೇ ಬಂಗಾರ, ನಗದು ಹೊತ್ತೊಯ್ದರು. ಇಂಥ ಸುದ್ದಿ ಓದಿದ ಮರುವಾರ ಲೈಸನ್ಸಿನ ವಿಚಾರಣೆ ಹೆಚ್ಚುವುದು ಸಹಜ.

ನಮ್ಮ ಊರ ಹತ್ತಿರದ ಇನ್ನೊಂದು ಪ್ರಕರಣ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. 2024ರ ನವೆಂಬರಿನಲ್ಲಿ ಸಂಕೇಶ್ವರದ ಬಳಿ ಹೆದ್ದಾರಿಯಲ್ಲಿ, ಮಹಾರಾಷ್ಟ್ರದಿಂದ ಬರುತ್ತಿದ್ದ ಕಾರನ್ನು ಅಡ್ಡಗಟ್ಟಿ 75 ಲಕ್ಷ ರೂಪಾಯಿ ದೋಚಿದರೆಂದು ದೂರು ಬಂತು. ಎರಡು ದಿನ ಇಡೀ ತಾಲ್ಲೂಕು ಅದನ್ನೇ ಆಡಿಕೊಂಡಿತು. ಪೊಲೀಸರು ಬೆನ್ನು ಹತ್ತಿದಾಗ ಕಾರಿನೊಳಗೇ ಕೋಟಿ ರೂಪಾಯಿ ಅಡಗಿಸಿಟ್ಟದ್ದು ಸಿಕ್ಕಿತು, ಅನುಮಾನ ತಿರುಗಿದ್ದು ಕಾರಿನಲ್ಲಿದ್ದವರ ಮೇಲೆಯೇ. ರೊಕ್ಕದ ಮಾಲೀಕ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡಿದ್ದರೂ ಅದರ ಗುರಿ ಯಾವ ಕಡೆಗಿರಬೇಕಿತ್ತು?

ಈಗ ಕಾಗದದ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 21 ವರ್ಷ ತುಂಬಿದವರು ಅರ್ಜಿ ಹಾಕಬಹುದು. ಬೆಳಗಾವಿ ನಗರಕ್ಕೆ ಪೊಲೀಸ್ ಆಯುಕ್ತರು, ಸಂಕೇಶ್ವರದಂಥ ಊರುಗಳಿಗೆ ಜಿಲ್ಲಾಧಿಕಾರಿ ಲೈಸನ್ಸ್ ಕೊಡುವ ಅಧಿಕಾರಿ. 2019ರ ತಿದ್ದುಪಡಿಯಾದ ಮೇಲೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ, ಲೈಸನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಅರ್ಜಿಯ ಜೊತೆಗೆ ಎರಡು ಕಾಗದ ಬೇಕು. ಬಂದೂಕು ಬಳಸುವ ಸುರಕ್ಷತೆಯ ತರಬೇತಿ ಪಡೆದ ಪ್ರಮಾಣಪತ್ರ ಒಂದು, ಮನೆಯಲ್ಲಿ ಭದ್ರವಾಗಿಡುತ್ತೇನೆ ಎಂಬ ಮುಚ್ಚಳಿಕೆ ಇನ್ನೊಂದು. ಈ ಎರಡನೆಯದಕ್ಕೆ ಸಹಿ ಹಾಕಿದವರಲ್ಲಿ ಓದಿ ಹಾಕಿದವರು ಎಷ್ಟು ಮಂದಿಯೋ.

ತರಬೇತಿಗೆ ದಾರಿಯೇ ಇಲ್ಲವೆಂದಲ್ಲ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಮೀಸಲು ಪಡೆಯ ಮೈದಾನದಲ್ಲಿ ಬೆಳಗಿನ ಹೊತ್ತು ಮೇಷ್ಟ್ರು, ಅಂಗಡಿಕಾರರು, ಗೃಹಿಣಿಯರು ಸಾಲಾಗಿ ನಿಂತು ಬಂದೂಕಿನ ಭಾಗ ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಾರೆ, ಕೊನೆಗೊಂದು ದಿನ ಫೈರಿಂಗ್ ರೇಂಜಿಗೆ ಹೋಗಿ ಗುರಿಗೆ ಹೊಡೆದು ಬರುತ್ತಾರೆ. ಒಳ್ಳೆಯ ಕೆಲಸ. ಆದರೆ ಅಲ್ಲಿ ಕಲಿಯುವುದು ಹೆಚ್ಚಾಗಿ ರೈಫಲ್ಲು: ನೆಲಕ್ಕೆ ಮಲಗಿ, ಉಸಿರು ಹಿಡಿದು, ಅಲ್ಲಾಡದ ಗುರಿಗೆ ಹೊಡೆಯುವುದು. ಸೊಂಟದಲ್ಲಿರುವ ಗೇಣುದ್ದದ ರಿವಾಲ್ವರ್ ಬೇರೆಯೇ ಪ್ರಾಣಿ. ನಳಿಗೆ ಚಿಕ್ಕದಿದ್ದಷ್ಟೂ ಕೈಯ ನಡುಕ ಗುರಿಯಲ್ಲಿ ದೊಡ್ಡದಾಗಿ ಕಾಣುತ್ತದೆ.

ಸಾಮಾನ್ಯರಿಗೆ ಸಿಗುವ ಕೈಬಂದೂಕು ಬಹುಮಟ್ಟಿಗೆ .32 ಬೋರಿನದು. ಸೇನೆ, ಪೊಲೀಸರು ಬಳಸುವ 9 ಎಂ.ಎಂ. ನಮಗೆ ನಿಷಿದ್ಧ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ ರಿವಾಲ್ವರನ್ನು ಹೆಣ್ಣುಮಕ್ಕಳಿಗೆಂದೇ ತಂದಿತು. ಬೆಲೆ ಆಗಲೇ 1.22 ಲಕ್ಷ. 2023ರಲ್ಲಿ ‘ಪ್ರಬಲ್’ ಎಂಬ ಇನ್ನೊಂದು ರಿವಾಲ್ವರ್ ಬಂತು. ಲಕ್ಷ ಕೊಟ್ಟು ತಂದವರು ಕಾಡತೂಸಿಗೆ ಮಾತ್ರ ಕೈ ಬಿಗಿ ಹಿಡಿಯುತ್ತಾರೆ. ಲೈಸನ್ಸಿನಲ್ಲಿ ಬರೆದಷ್ಟೇ ಸಿಗುವುದು, ಖರ್ಚಾದದ್ದಕ್ಕೆ ಲೆಕ್ಕ ಕೊಡಬೇಕು, ಮೇಲಾಗಿ ಹೊಡೆದು ನೋಡಲು ಹತ್ತಿರದಲ್ಲಿ ಜಾಗವಿಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಅದರ ರೇಂಜು ಸೈನಿಕರಿಗೆ. ಹೊಲದ ಬದುವಿನ ಮೇಲೆ ತೆಂಗಿನಕಾಯಿ ಇಟ್ಟು ಹೊಡೆಯುವುದು ಅಭ್ಯಾಸವಲ್ಲ, ಅಪರಾಧ. ಹೀಗಾಗಿ ಕೊಂಡ ದಿನ ಹಾಕಿದ ಆರು ಕಾಡತೂಸು ಹತ್ತು ವರ್ಷ ಅಲ್ಲೇ ಕೂತಿರುತ್ತವೆ.

ಅದು ಹೇಗಿರುತ್ತದೆಂದು ಹತ್ತಿರದಿಂದ ನೋಡಿದ್ದೇನೆ. ಚುನಾವಣೆಯ ಹೊತ್ತು, ಠಾಣೆಯ ಪಡಸಾಲೆ. ನೀತಿಸಂಹಿತೆ ಬಂದಿತೆಂದರೆ ಲೈಸನ್ಸಿನ ಬಂದೂಕುಗಳನ್ನು ಠಾಣೆಗೆ ತಂದು ಒಪ್ಪಿಸಬೇಕೆಂಬ ಆದೇಶ ಬರುತ್ತದೆ. ಬ್ಯಾಂಕಿನ ಕಾವಲಿನವರು, ಶೂಟಿಂಗ್ ಕ್ರೀಡಾಪಟುಗಳಂಥ ಕೆಲವರಿಗೆ ಪರಿಶೀಲನಾ ಸಮಿತಿ ವಿನಾಯಿತಿ ಕೊಟ್ಟೀತು, ಉಳಿದವರು ಸಾಲಿನಲ್ಲಿ ನಿಲ್ಲಬೇಕು. ಮೇಜಿನ ಹಿಂದೆ ರೈಟರ್, ಮುಂದೆ ದೊಡ್ಡ ರಿಜಿಸ್ಟರು, ಮಗ್ಗುಲಲ್ಲಿ ಟ್ವೈನ್ ದಾರದ ಉಂಡೆ, ರಟ್ಟಿನ ಚೀಟಿಗಳು. ಅರವತ್ತರ ಆಚೆಗಿನ ಹಿರಿಯರೊಬ್ಬರು ಟಾವೆಲಿನಲ್ಲಿ ಸುತ್ತಿದ ರಿವಾಲ್ವರನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ನಳಿಗೆಯ ಮುಖ ನೇರ ರೈಟರ್ ಕಡೆ.

‘ಕಾಕಾ, ಖಾಲಿ ಮಾಡಿ ತಂದೀರಿಲ್ಲೋ?’

‘ಮಾಡ್ಸೂಣಂತ ಮಗ್ಗ ಹೇಳಿದ್ದೆ...’

ರೈಟರ್ ಕುರ್ಚಿ ಸಮೇತ ಬದಿಗೆ ಸರಿದ. ಕಾನ್‌ಸ್ಟೇಬಲ್ ಒಬ್ಬ ಬಂದು ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ, ಮೇಲಿನ ಕೊಂಡಿ ಒತ್ತಿ ರಿವಾಲ್ವರನ್ನು ಮುರಿದು ಬಗ್ಗಿಸಿದ. ಐದು ಕಾಡತೂಸು ಮೇಜಿನ ಮೇಲೆ ಉರುಳಿದವು, ಆರನೆಯದು ಬರಲಿಲ್ಲ. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದು ಗೂಡಿಗೇ ಕಚ್ಚಿಕೊಂಡಿತ್ತು. ಪೆನ್ನಿನ ಮೊನೆಯಿಂದ ಎಬ್ಬಿಸಬೇಕಾಯಿತು. ಚಕ್ರದ ಸಂದಿಯಲ್ಲಿ ಅಂಗಿಯ ನೂಲು, ಧೂಳು, ಯಾವಾಗಲೋ ಹಾಕಿದ ತೆಂಗಿನೆಣ್ಣೆ ಗಟ್ಟಿಯಾದ ಜಿಗುಟು. ಆ ಹಿರಿಯರು ಒಳ್ಳೆಯವರು, ಯಾರ ತಂಟೆಗೂ ಹೋದವರಲ್ಲ. ತಮ್ಮದೇ ರಿವಾಲ್ವರನ್ನು ಬಿಚ್ಚುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಅದನ್ನು ಅವರು ಹೊತ್ತು ತಿರುಗಿದ್ದರು, ಮೊಮ್ಮಕ್ಕಳಿರುವ ಮನೆಯಲ್ಲಿ ಗಾದಿಯ ಕೆಳಗೆ ಇಟ್ಟಿದ್ದರು.

ಈಗ ಆ ರಿವಾಲ್ವರ್ ನಿಜಕ್ಕೂ ಬೇಕಾಗುವ ಗಳಿಗೆಯನ್ನು ಊಹಿಸಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಸರಳ ಲೆಕ್ಕ ಬರೆದ. ಚಾಕು ಹಿಡಿದವನೊಬ್ಬ 21 ಅಡಿ ದೂರವನ್ನು ಓಡಿ ದಾಟಲು ಸುಮಾರು ಒಂದೂವರೆ ಸೆಕೆಂಡು ಸಾಕು, ಪಳಗಿದ ಪೊಲೀಸನಿಗೆ ಪಿಸ್ತೂಲು ತೆಗೆದು ಗುರಿಗೆ ಹೊಡೆಯಲು ಹಿಡಿಯುವುದೂ ಅಷ್ಟೇ ಹೊತ್ತು. 21 ಅಡಿಯೆಂದರೆ ನಮ್ಮ ಹಳೇ ಮನೆಗಳ ಅಂಗಳಕ್ಕಿಂತ ಹೆಚ್ಚಲ್ಲ. ಆ ಪೊಲೀಸನ ಹೋಲ್ಸ್ಟರ್ ಸೊಂಟದ ಹೊರಗಿತ್ತು. ನಮ್ಮವರದು ಜುಬ್ಬದ ಕೆಳಗೆ, ಜಾಕೀಟಿನೊಳಗೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಇಲ್ಲವೇ ರೊಕ್ಕದ ಚೀಲದ ತಳದಲ್ಲಿ ಪಾಸ್‌ಬುಕ್ಕಿನ ಅಡಿಗೆ.

ತೆಗೆದ ಮೇಲಾದರೂ ತಾಗುತ್ತದೆಯೆ? ನ್ಯೂಯಾರ್ಕ್ ಪೊಲೀಸರ ಗುಂಡಿನ ಲೆಕ್ಕವನ್ನು ರ‍್ಯಾಂಡ್ ಸಂಸ್ಥೆ 2008ರಲ್ಲಿ ಪ್ರಕಟಿಸಿತು. ಎದುರಿನವನು ತಿರುಗಿ ಗುಂಡು ಹಾರಿಸುವಾಗ ಪೊಲೀಸರು ಹೊಡೆದದ್ದರಲ್ಲಿ ಗುರಿಗೆ ತಾಗಿದ್ದು ನೂರಕ್ಕೆ 18, ಆತ ಹಾರಿಸದೆ ಇದ್ದಾಗ ನೂರಕ್ಕೆ 30. ಸಂಬಳ ಪಡೆದು ವರ್ಷ ವರ್ಷ ಅಭ್ಯಾಸ ಮಾಡುವವರ ಕಥೆ ಇದು. ಉಳಿದ ಗುಂಡುಗಳು ಎಲ್ಲೋ ಒಂದು ಕಡೆ ಹೋಗಿ ನೆಟ್ಟಿರುತ್ತವಲ್ಲ. ಸಂಕೇಶ್ವರದ ಬಸ್ ಸ್ಟ್ಯಾಂಡ್ ಎದುರು ಸಂಜೆ ಆರರ ಹೊತ್ತಿಗೆ ಆ ‘ಎಲ್ಲೋ’ ಎಂದರೆ ಯಾರದಾದರೂ ಮೈಯೇ.

ಇನ್ನೂ ಕಹಿಯಾದ ಸಂಗತಿಯೆಂದರೆ, ಕೊಲ್ಲಲೆಂದೇ ಬಂದವನು ಮೊದಲೇ ನಿರ್ಧರಿಸಿ ಬಂದಿರುತ್ತಾನೆ. ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಮನೆಯ ಬಾಗಿಲಲ್ಲೇ ಕೊಂದರು. ಅದೇ ವರ್ಷ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಕಮ್ಯುನಿಸ್ಟ್ ಮುಖಂಡ ಗೋವಿಂದ ಪಾನ್ಸರೆ ಅವರ ಮೇಲೆ ಬೆಳಗಿನ ವಾಯುವಿಹಾರದ ಹೊತ್ತಿಗೆ ಗುಂಡು ಹಾರಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಅವರು ಮನೆಯ ಗೇಟು ತೆರೆದು ಒಳಗೆ ಕಾಲಿಡುವಾಗ. ಬಾಗಿಲು, ಗೇಟು, ಬೆಳಗಿನ ನಡಿಗೆ. ಯಾರ ಕೈಯೂ ಸೊಂಟದ ಮೇಲಿರದ ಗಳಿಗೆಗಳನ್ನೇ ಹಂತಕರು ಆರಿಸಿಕೊಂಡರು. ಪಿಸ್ತೂಲಿಗಿಂತ ಬಾಗಿಲಿನ ಕಿಂಡಿ, ಅಂಗಳದ ಬೆಳಕು, ಗುರುತಿಲ್ಲದವರಿಗೆ ಕದ ತೆರೆಯದ ರೂಢಿ ಇವು ಹೆಚ್ಚು ಕೆಲಸಕ್ಕೆ ಬರುತ್ತವೆ ಎಂದು ಅನುಭವಿ ಪೊಲೀಸರು ಹೇಳುವುದು ಸುಮ್ಮನೆ ಅಲ್ಲ. ಅವಕ್ಕೆ ಲೈಸನ್ಸೂ ಬೇಡ.

ನನ್ನ ಅಂದಾಜಿನಲ್ಲಿ ಪಿಸ್ತೂಲು ಒಯ್ಯುವವನ ತಯಾರಿಯಲ್ಲಿ ಮುಕ್ಕಾಲು ಪಾಲು ಅದನ್ನು ತೆಗೆಯದೆ ಇರುವುದಕ್ಕೆ ಸಂಬಂಧಿಸಿದ್ದು. ಜಗಳ ನಡೆಯುವ ಕಡೆಯಿಂದ ಎದ್ದು ಬರುವುದು, ಓವರ್‌ಟೇಕ್ ಮಾಡಿ ಬೈದವನಿಗೆ ದಾರಿ ಬಿಡುವುದು, ಧಾಬಾದಲ್ಲಿ ಬಾಟಲಿ ತೆರೆಯುವ ದಿನ ಪಿಸ್ತೂಲು ಮನೆಯಲ್ಲೇ ಬಿಡುವುದು, ಅಣ್ಣತಮ್ಮಂದಿರ ಹಿಸ್ಸೆಯ ಪಂಚಾಯ್ತಿಗೆ ಹೋಗುವಾಗ ಮುಟ್ಟದೇ ಇರುವುದು. ಸೊಂಟದಲ್ಲಿ ಏನೂ ಇಲ್ಲದವನು ಎರಡು ಮಾತು ಜೋರಾಗಿ ಆಡಬಹುದು. ಇದ್ದವನಿಗೆ ಆ ಸವಲತ್ತಿಲ್ಲ. ಊರಿನ ಲೆಕ್ಕ ಇದಕ್ಕೆ ಉಲ್ಟಾ ಇರುವುದೇ ತೊಂದರೆ: ಇದ್ದವನು ಜೋರು ಮಾಡಲೇಬೇಕು, ಇಲ್ಲದಿದ್ದರೆ ಯಾಕೆ ತಂದ?

ಮನೆಯೊಳಗಿನ ಅಪಾಯಕ್ಕೆ ಬರೋಣ. ನಟ ಗೋವಿಂದ 2024ರ ಅಕ್ಟೋಬರ್ 1ರ ನಸುಕಿನಲ್ಲಿ ಮುಂಬಯಿಯ ಮನೆಯಿಂದ ಕೋಲ್ಕತ್ತಕ್ಕೆ ಹೊರಡುವ ಗಡಿಬಿಡಿಯಲ್ಲಿ ತಮ್ಮ ಲೈಸನ್ಸಿನ ರಿವಾಲ್ವರನ್ನು ಕಪಾಟಿನಲ್ಲಿಡಲು ಹೋದರು. ಅದು ಕೈಜಾರಿ ಬಿತ್ತು, ಗುಂಡು ಅವರದೇ ಕಾಲಿಗೆ ಹೊಕ್ಕಿತು. ಹಳೆಯ ವಿನ್ಯಾಸದ ರಿವಾಲ್ವರಿನಲ್ಲಿ ಹಿಂದಿನ ಸುತ್ತಿಗೆ ಕಾಡತೂಸಿನ ಬೆನ್ನಿಗೇ ಆತುಕೊಂಡಿರುತ್ತದೆ. ಸುತ್ತಿಗೆಯ ಮೇಲೆ ಬಿದ್ದರೆ ಹಾರುತ್ತದೆ. ಆದ್ದರಿಂದಲೇ ತಿಳಿದವರು ಸುತ್ತಿಗೆಯ ಎದುರಿನ ಒಂದು ಗೂಡನ್ನು ಖಾಲಿ ಬಿಟ್ಟು ಆರರಲ್ಲಿ ಐದೇ ತುಂಬುತ್ತಾರೆ. ಮನೆಗೆ ಬಂದ ಮೇಲೆ ಅದೂ ಬೇಡ: ಕಾಡತೂಸು ಒಂದು ಕಡೆ, ಪಿಸ್ತೂಲು ಇನ್ನೊಂದು ಕಡೆ, ಎರಡಕ್ಕೂ ಬೀಗ, ಕೀಲಿ ಲೈಸನ್ಸ್ ಇದ್ದವನ ಬಳಿ ಮಾತ್ರ. ಮುಚ್ಚಳಿಕೆಯಲ್ಲಿ ಬರೆದುಕೊಟ್ಟದ್ದೂ ಇದನ್ನೇ. ದೇವರ ಕೋಣೆ, ಜೋಳದ ಕಣಜ, ಗಾದಿಯ ಅಡಿ ಇವು ಬೀಗವಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಗೊತ್ತಿರದ ಜಾಗ ಯಾವ ಮನೆಯಲ್ಲೂ ಇಲ್ಲ.

ಕೀಲಿಯ ಮಾತು ಮಕ್ಕಳಿಗಷ್ಟೇ ಅಲ್ಲ. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ಜನರ ದಾಖಲೆ ಹಿಡಿದು ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕೈಬಂದೂಕು ಇರುವ ಗಂಡಸರು ಗುಂಡು ಹೊಡೆದುಕೊಂಡು ಸಾಯುವ ಸಂಭವ ಇಲ್ಲದವರಿಗಿಂತ ಎಂಟು ಪಟ್ಟು, ಹೆಂಗಸರಲ್ಲಿ 35 ಪಟ್ಟು. ಸಾಲ, ಬೆಳೆನಷ್ಟ, ಮನೆಯೊಳಗಿನ ಮುನಿಸು ನಮ್ಮಲ್ಲಿ ಕಡಿಮೆ ಇಲ್ಲ. ಮನೆಯಲ್ಲಿ ಯಾರದಾದರೂ ಮನಸ್ಸು ಕೆಟ್ಟಿದೆ ಎನಿಸಿದರೆ ಬಂದೂಕನ್ನು ಠಾಣೆಯಲ್ಲೋ ಲೈಸನ್ಸ್ ಇರುವ ಡೀಲರ್ ಬಳಿಯೋ ಕೆಲಕಾಲ ಇಡಲು ಅವಕಾಶವಿದೆ. ಕಾರಣ ಹೇಳಿಕೊಳ್ಳಲು ಮುಜುಗರವಾದರೆ ‘ಊರಿಗೆ ಹೊರಟೇನ್ರೀ’ ಎಂದರೂ ನಡೆದೀತು.

ಕಾಯ್ದೆಯ ಭಾಗ ಬಹಳ ಜನಕ್ಕೆ ತಪ್ಪು ತಿಳಿವಳಿಕೆ ಇರುವ ಜಾಗ. ‘ನನ್ನ ಹೊಲಕ್ಕ ಕಾಲಿಟ್ರ ಹೊಡಿತೀನಿ, ಲೈಸನ್ಸ್ ಅದಕ್ಕ ಕೊಟ್ಟಾರ’ ಎನ್ನುವ ಮಾತನ್ನು ಕೇಳದವರಿಲ್ಲ. ಲೈಸನ್ಸ್ ಅದಕ್ಕೆ ಕೊಟ್ಟಿಲ್ಲ. ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಕೊಟ್ಟಿದ್ದಾರೆ. ಹೊಡೆಯುವ ಪ್ರಶ್ನೆ ಬಂದಾಗ ಲೈಸನ್ಸ್ ಇದ್ದವನಿಗೂ ಇಲ್ಲದವನಿಗೂ ಒಂದೇ ಕಾನೂನು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕಿನವು. ಹಳೆಯ ದಂಡ ಸಂಹಿತೆಯ 96ರಿಂದ 106ರವರೆಗಿನವೇ ಇಲ್ಲಿ ಹೊಸ ನಂಬರು ಹೊತ್ತು ಕೂತಿವೆ. ಜೀವ ಹೋದೀತು, ಘೋರ ಗಾಯವಾದೀತು ಎಂಬ ನ್ಯಾಯವಾದ ಭೀತಿ ಇದ್ದಾಗ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಸಂದರ್ಭದಲ್ಲಿ ಎದುರಿನವನ ಜೀವ ತೆಗೆಯುವ ಮಟ್ಟಿಗೂ ಹಕ್ಕು ಹೋಗುತ್ತದೆ. ಆಸ್ತಿಯ ವಿಷಯದಲ್ಲಿ ದರೋಡೆ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ನಡೆಯುವ ಮನೆಗನ್ನ, ವಾಸದ ಮನೆಗೆ ಬೆಂಕಿ ಇವಕ್ಕೆ. ಬರೀ ಕಳ್ಳತನಕ್ಕೆ ಅಲ್ಲ.

ಉದಾಹರಣೆಗೆ ನಮ್ಮ ಕಡೆಯದೇ ಕಾಟ: ಪಂಪ್‌ಸೆಟ್ಟಿನ ಕೇಬಲ್ ಕಳ್ಳತನ. ನಡುರಾತ್ರಿ ಬಾವಿಯ ಹತ್ತಿರ ಟಾರ್ಚ್ ಬೆಳಕು ಕಂಡಿತು, ನೀವು ಹೋದಿರಿ, ಇಬ್ಬರು ಕೇಬಲ್ ಸುತ್ತಿಕೊಂಡು ಕಬ್ಬಿನೊಳಗೆ ಓಡಿದರು. ಬೆನ್ನಿಗೆ ಗುಂಡು ಹಾರಿಸಿದರೆ ಮರುದಿನ ಆರೋಪಿ ನೀವೇ. ಓಡಿಹೋಗುವವನಿಂದ ನಿಮ್ಮ ಜೀವಕ್ಕೆ ಭೀತಿ ಇರಲಿಲ್ಲ, ಕೇಬಲ್ಲಿಗೆ ಬೆಲೆಯಿದೆ, ಜೀವದಷ್ಟಿಲ್ಲ. ಅದೇ ಕಳ್ಳ ತಿರುಗಿ ಕುಡಗೋಲು ಎತ್ತಿ ನಿಮ್ಮ ಮೇಲೆ ಬಂದರೆ ಪ್ರಕರಣವೇ ಬದಲಾಗುತ್ತದೆ. ಪೊಲೀಸರನ್ನು ಕರೆಯುವಷ್ಟು ಸಮಯವಿದ್ದರೆ ಈ ಹಕ್ಕು ಹುಟ್ಟುವುದಿಲ್ಲ, ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡಲಿಕ್ಕೂ ಇಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕಿನ ಎಲ್ಲೆಗಳನ್ನು ಬಿಡಿಸಿ ಹೇಳಿದೆ. ದಾಳಿಗೊಳಗಾದವನು ಆ ಕ್ಷಣದಲ್ಲಿ ಇಷ್ಟೇ ಹೊಡೆಯಬೇಕೆಂದು ತೂಗಿ ನೋಡಲಾರ ಎಂಬುದನ್ನು ನ್ಯಾಯಾಲಯಗಳು ಒಪ್ಪುತ್ತವೆ. ಸೇಡು ತೀರಿಸಿಕೊಳ್ಳುವವನನ್ನು ಮಾತ್ರ ಒಪ್ಪುವುದಿಲ್ಲ. ಈ ಎರಡರ ನಡುವಿನ ಗೆರೆಯನ್ನು ವಕೀಲರು ವರ್ಷಗಟ್ಟಲೆ ವಾದಿಸುತ್ತಾರೆ, ನಿಮಗೆ ಸಿಗುವುದು ಒಂದೂವರೆ ಸೆಕೆಂಡು.

ಗುಂಡು ಹಾರಿದ ಮೇಲಿನ ಅರ್ಧ ಗಂಟೆಯ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. 112ಕ್ಕೆ ಕರೆ, ಪಿಸ್ತೂಲನ್ನು ಕೈಯಿಂದ ಬಿಟ್ಟು ಪೊಲೀಸರು ಬರುವವರೆಗೆ ಕಣ್ಣಳತೆಯಲ್ಲಿ ಇಡುವುದು, ಜಾಗ ಕೆದಕದಿರುವುದು, ಬಿದ್ದವನು ಕಳ್ಳನೇ ಆಗಿರಲಿ ಗಾಯಕ್ಕೆ ಬಟ್ಟೆ ಒತ್ತಿ ರಕ್ತ ನಿಲ್ಲಿಸುವುದು. ಕೊನೆಯದನ್ನು ಬಂದೂಕಿನ ತರಬೇತಿಯ ಜೊತೆಯಲ್ಲೇ ಕಲಿಸಬೇಕು ಎಂದು ನನ್ನ ಹಟ. ಪಿಸ್ತೂಲು ಹತ್ತು ವರ್ಷ ಹೊತ್ತರೂ ಬೇಕಾಗದೇ ಹೋದೀತು, ಹೆದ್ದಾರಿಯ ಪಕ್ಕದ ಊರಲ್ಲಿ ರಕ್ತ ನಿಲ್ಲಿಸುವ ವಿದ್ಯೆ ವರ್ಷಕ್ಕೊಮ್ಮೆಯಾದರೂ ಬೇಕಾಗುತ್ತದೆ.

ಗಡಿಯ ಊರಿನವರಿಗೆ ಇನ್ನೊಂದು ತಾಪತ್ರಯವಿದೆ. ಲೈಸನ್ಸಿನ ಪುಸ್ತಕದಲ್ಲಿ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಬರೆದ ಒಂದು ಅಂಕಣ ಇರುತ್ತದೆ. ಅಲ್ಲಿ ‘ಕರ್ನಾಟಕ’ ಎಂದಿದ್ದರೆ ಸಂಕೇಶ್ವರದಿಂದ ಗಡಹಿಂಗ್ಲಜದ ಬೀಗರ ಮನೆಗೆ ಹೊರಟ ಕಾರು ಅರ್ಧ ತಾಸಿನೊಳಗೆ ಕಾನೂನಿನ ಆಚೆ ಹೋಗಿರುತ್ತದೆ. ಭಾಷೆ, ಬೀಗತನ, ಬಜಾರು ಯಾವುದಕ್ಕೂ ಇಲ್ಲದ ಗಡಿ ಪಿಸ್ತೂಲಿಗಿದೆ. ನಿಪ್ಪಾಣಿ ದಾಟಿ ಕಾಗಲಿಗೆ ಹೋಗುವವರದೂ ಇದೇ ಪಾಡು. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲೆ ಕಾಲೇಜಿನ ಆವರಣಕ್ಕೆ ವಿಶೇಷ ಅನುಮತಿ ಇಲ್ಲದೆ ಒಯ್ಯುವಂತಿಲ್ಲವೆಂದು ಲೈಸನ್ಸಿನ ಷರತ್ತುಗಳಲ್ಲೇ ಇದೆ. ಸಂಕೇಶ್ವರದ ಶಂಕರಲಿಂಗನ ತೇರಿಗೆ ಪಿಸ್ತೂಲು ಕಟ್ಟಿಕೊಂಡು ಬರುವುದು ಗತ್ತಲ್ಲ, ಷರತ್ತು ಮುರಿದಂತೆ. ಇನ್ನು ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸುವವರಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಸೆರೆ ಅಥವಾ ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ಇಟ್ಟಿದೆ. ಮೇಲೆ ಹೋದ ಗುಂಡು ಕೆಳಗೆ ಬರಲೇಬೇಕಲ್ಲ.

ಇಷ್ಟೆಲ್ಲ ಕಟ್ಟುಪಾಡು ಯಾಕೆ, ಆಯುಧ ನಮ್ಮ ಹಕ್ಕಲ್ಲವೇ ಎಂದು ಕೇಳುವವರಿಗೆ ಈ ಸೀಮೆಯಲ್ಲಿ ಒಂದು ದೊಡ್ಡ ನೆನಪಿದೆ. ಮೂಡಲಗಿಯ ಆಚೆ, ಮುಧೋಳ ಸೀಮೆಯ ಹಲಗಲಿ. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದು ಮನೆಮನೆಯ ಆಯುಧ ಒಪ್ಪಿಸಿರೆಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು, ಸಿಕ್ಕವರಲ್ಲಿ ಮುಂದಾಳುಗಳನ್ನು ಗಲ್ಲಿಗೇರಿಸಿದರು. ಲಾವಣಿಕಾರರ ಬಾಯಲ್ಲಿ ಆ ಕಥೆ ಇವತ್ತಿಗೂ ಇದೆ. ಬೇಡರಿಗೆ ಆಯುಧ ಎಂದರೆ ಅನ್ನ, ಕಸುಬು, ಮರ್ಯಾದೆ. ಹುಟ್ಟಿದಾಗಿನಿಂದ ಕೈಯಲ್ಲಿ ಹಿಡಿದು ಪಳಗಿದವರು ಅವರು. ಕೊಡವರ ಕೋವಿಗೂ ಇಂಥದೇ ಬೇರು ಇದೆ. ಅವರಿಗೆ ಲೈಸನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಲಗಲಿಯ ಹೆಸರು ಹೇಳಿ ಅಂಗಿ ಸರಿಸಿ ಹಿಡಿ ತೋರಿಸುವವರು, ಆ ಬೇಡರಿಗಿದ್ದ ಪಳಗಿಕೆಯಲ್ಲಿ ವೀಸದಷ್ಟಾದರೂ ತಮಗಿದೆಯೆ ನೋಡಿಕೊಳ್ಳಬೇಕು. ಹಕ್ಕಿನ ಮಾತಂತೂ ಈಗ ಇತ್ಯರ್ಥವಾದದ್ದು: ಅಮೆರಿಕದಂತೆ ನಮ್ಮ ಸಂವಿಧಾನದಲ್ಲಿ ಬಂದೂಕು ಮೂಲಭೂತ ಹಕ್ಕಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ನೆನಪಿಸಿತು.

ಹಾಗಾದರೆ ಸಾಮಾನ್ಯನೊಬ್ಬ ಎಷ್ಟು ತಯಾರಿರಬೇಕು? ಕಮಾಂಡೊ ಆಗಬೇಕಿಲ್ಲ. ಕಣ್ಣು ಮುಚ್ಚಿ ತನ್ನ ಪಿಸ್ತೂಲು ಖಾಲಿ ಮಾಡಲು ಬರಬೇಕು. ಸಿಗುವ ಶಿಬಿರಕ್ಕೆ ಒಮ್ಮೆಯಷ್ಟೇ ಅಲ್ಲ, ಪ್ರತಿ ನವೀಕರಣಕ್ಕೂ ಮೊದಲು ಹೋಗಬೇಕು, ನಿಯಮ ಕೇಳಲಿ ಬಿಡಲಿ. ಒಯ್ಯುವ ದಿನ ಹೋಲ್ಸ್ಟರಿನಲ್ಲೇ ಒಯ್ಯಬೇಕು, ಚೀಲದ ತಳದಲ್ಲಲ್ಲ. ಹಳೆಯ ಕಾಡತೂಸನ್ನು ಲೆಕ್ಕ ಕೊಟ್ಟು ಬದಲಿಸಬೇಕು. ಇಷ್ಟಕ್ಕೆ ಪುರಸೊತ್ತಿಲ್ಲ ಎನ್ನುವವರಿಗೆ ಅದನ್ನು ಒಯ್ಯುವ ಪುರಸೊತ್ತೂ ಇರಬಾರದು.

ಒಯ್ಯದೆಯೂ ಕೆಲಸ ನಡೆಯುತ್ತದೆ. 2024ರ ಲೋಕಸಭೆ ಚುನಾವಣೆಯನ್ನೇ ತೆಗೆದುಕೊಳ್ಳಿ. ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಚಿಕ್ಕೋಡಿ ಕ್ಷೇತ್ರದಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟೂ ದಿನ ಬಂದೂಕುಗಳು ಚೀಟಿ ಕಟ್ಟಿಸಿಕೊಂಡು ಠಾಣೆಯಲ್ಲಿದ್ದವು. ಬೇಸಿಗೆಯ ಮದುವೆ, ಬೆಲ್ಲದ ಸವಾಲು, ಸರಾಫ ಅಂಗಡಿಯ ಅಕ್ಷಯ ತದಿಗೆಯ ವ್ಯಾಪಾರ ಎಲ್ಲ ನಡೆದೇ ನಡೆದವು. ರೊಕ್ಕ ಒಯ್ಯುವವರು ಒಬ್ಬರ ಬದಲು ಇಬ್ಬರು ಹೋದರು, ರಾತ್ರಿಯ ಬದಲು ಹಗಲು ಹೋದರು, ಆದಷ್ಟು ಬ್ಯಾಂಕಿನಲ್ಲೇ ಕಳಿಸಿದರು. ಚುನಾವಣೆ ಮುಗಿದ ಮೇಲೆ ಈ ರೂಢಿ ಬಿಟ್ಟು ರಿವಾಲ್ವರಿಗೆ ಮರಳಿದ್ದು ಯಾಕೆಂದು ಅಡತಿಯವರೊಬ್ಬರನ್ನು ಕೇಳಿದೆ. ‘ಠಾಣೆದಾಗ ಬಿಟ್ರ ಜನ ಏನ ಅಂತಾರ್ರೀ?’ ಅಂದರು.

ಈಗ ಅವರಿಗೆ ಎಪ್ಪತ್ತು ಸಮೀಪಿಸಿದೆ. ಎಪ್ಪತ್ತು ತುಂಬಿದವರು, ಇಲ್ಲವೇ 25 ವರ್ಷ ಬಂದೂಕು ಇಟ್ಟುಕೊಂಡವರು ಅದನ್ನು ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ದಾರಿಯಿದೆ. ಆದರೆ ವಾರಸುದಾರ ತನ್ನ ಹೆಸರಿಗೆ ಹೊಸದಾಗಿ ಲೈಸನ್ಸ್ ಪಡೆಯಬೇಕು, ಠಾಣೆಯ ವರದಿ, ತರಬೇತಿಯ ಪ್ರಮಾಣಪತ್ರ ಎಲ್ಲ ಮೊದಲಿನಿಂದ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬೇಡ ಅಪ್ಪಾ, ಮಾರಿಬಿಡು ಎನ್ನುತ್ತಾನಂತೆ. ಊರಲ್ಲಿರುವ ಮೊಮ್ಮಗನಿಗೆ 19, ರೀಲ್ಸ್ ಹುಚ್ಚು, ಅವನೇ ಬೇಕೆನ್ನುತ್ತಿದ್ದಾನೆ. ಕಾಯ್ದೆಯ ಪ್ರಕಾರ ಇನ್ನೂ ಎರಡು ವರ್ಷ ತಡೆಯಬೇಕು ಎಂದು ಹೇಳಿದೆ. ಅಲ್ಲಿಯವರೆಗೆ ತಿಜೋರಿಯ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತೇನೆಂದು ನಕ್ಕರು. ಮೊಮ್ಮಗ ಎದುರಿಗೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ.